ಬೀಗ ಹಾಕಿದ ಮನೆಗಳ ಓಣಿಯಲ್ಲಿ ಪಾಲಿನ ಮನೆ

ಮಂಗಳೂರಿನ ಬಂದರು ಪ್ರದೇಶದಲ್ಲಿ ಒಂದು ಫ್ಲ್ಯಾಟ್ ಕೊಳ್ಳಬೇಕೆಂದು ನಾವು ನಾಲ್ವರು ಒಡಹುಟ್ಟಿದವರು ಎರಡು ತಿಂಗಳಿನಿಂದ ಅಲೆಯುತ್ತಿದ್ದೇವೆ. ಒಬ್ಬೊಬ್ಬರೇ ಕೊಳ್ಳುವ ಶಕ್ತಿ ಯಾರಿಗೂ ಇಲ್ಲ. ಬಡ್ಡಿಯ ಸಾಲಕ್ಕೆ ಕೈಚಾಚಲು ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ಇದ್ದುದನ್ನು ಕೂಡಿಸಿ ಪಾಲಿನಲ್ಲಿ ಕೊಳ್ಳುವುದೆಂದು ನಿಶ್ಚಯಿಸಿದೆವು. ಜುಬೈಲಿನಲ್ಲಿರುವ ಅಣ್ಣನದು 20 ಲಕ್ಷ, ನಮ್ಮದು 12, ತಮ್ಮನದು 10, ಬಳೆಗಳನ್ನು ಮಾರಿ ತಂಗಿ ಕೊಡುವುದು 6. ಒಟ್ಟು 48 ಲಕ್ಷ. ಉಮ್ಮ ಮತ್ತು ತಮ್ಮನ ಕುಟುಂಬ ಅಲ್ಲಿ ವಾಸಿಸಬೇಕು, ಉಳಿದವರು ಆಸ್ಪತ್ರೆಗೋ ಮದುವೆಗೋ ಬಂದಾಗ ತಂಗಬೇಕು ಎಂಬುದು ಯೋಜನೆ.

ಬಂದರನ್ನೇ ಏಕೆ ಆರಿಸಿದಿರಿ ಎಂದು ಹಲವರು ಕೇಳಿದ್ದಾರೆ. ಹಗಲಿನಲ್ಲಿ ಸಗಟು ಅಂಗಡಿಗಳ ಮುಂದೆ ಲಾರಿಗಳು ನಿಂತು ನಡೆಯಲೂ ಜಾಗವಿರುವುದಿಲ್ಲ, ನಿಜ. ಆದರೆ ಇಶಾ ನಮಾಝಿನ ನಂತರ ಒಳಗಿನ ಓಣಿಗಳಲ್ಲಿ ನಡೆದು ನೋಡಬೇಕು. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಅಂಗಳದಲ್ಲೊಂದು ಬಾವಿ. ನಮ್ಮ ಹೆಜ್ಜೆಯ ಸದ್ದು ನಮಗೇ ಕೇಳಿಸುತ್ತದೆ. ಮಾಲಿಕ್ ಬಿನ್ ದೀನಾರ್‌ರ ತಂಡದವರು ಕಟ್ಟಿದರೆಂದು ಪ್ರತೀತಿಯಿರುವ, ಟಿಪ್ಪು ಸುಲ್ತಾನರ ಕಾಲದಲ್ಲಿ ನವೀಕರಣಗೊಂಡ ಝೀನತ್ ಬಕ್ಷ್ ಜುಮಾ ಮಸೀದಿ ಇರುವುದು ಇಲ್ಲಿಯೇ. ಅದರ ಮರದ ಕೆತ್ತನೆಯ ಕಂಬಗಳ ನಡುವೆ ಫಜ್ರ್‌ಗೆ ನಿಲ್ಲುವ ಆಸೆ ನಮಗೆ ಬಾಲ್ಯದಿಂದಲೂ ಇತ್ತು.

ಮಸೀದಿಯ ಸಮೀಪಕ್ಕೆ ಮನೆ ಬದಲಿಸುವ ಆಸೆ ಸಹಾಬಿಗಳಲ್ಲೂ ಇತ್ತು. ದೂರದಲ್ಲಿ ವಾಸಿಸುತ್ತಿದ್ದ ಬನೂ ಸಲಿಮಾ ಗೋತ್ರದವರು ಪ್ರವಾದಿಯವರ(ಸ) ಮಸೀದಿಯ ಬಳಿಗೆ ಬರಲು ಬಯಸಿದರು. ಪ್ರವಾದಿಯವರು(ಸ) ಒಪ್ಪಲಿಲ್ಲ. ಇದ್ದಲ್ಲಿಯೇ ಇರಿ, ನಿಮ್ಮ ಹೆಜ್ಜೆಗಳು ದಾಖಲಾಗುತ್ತವೆ ಎಂದರು. ಮದೀನಾದ ಅಂಚಿನ ಪ್ರದೇಶವು ಬರಿದಾಗುವುದು ಅವರಿಗೆ ಇಷ್ಟವಿರಲಿಲ್ಲವೆಂದು ಬುಖಾರಿಯಲ್ಲಿದೆ. ಈ ಹದೀಸನ್ನು ಮಕ್ಕಳಿಗೆ ವರ್ಷಗಳಿಂದ ಕಲಿಸಿದವರು ನಾವು. ಬಂದರಿನ ಓಣಿಗಳನ್ನು ಸುತ್ತಿದ ಮೇಲೆಯೇ ಅದರ ಕೊನೆಯ ಭಾಗ ಮನಸ್ಸಿಗೆ ನಾಟಿತು. ಒಂದು ಕೇರಿಯು ಬರಿದಾಗುವುದೆಂದರೆ ಏನೆಂದು ಅಲ್ಲಿ ಕಣ್ಣಾರೆ ಕಂಡೆವು.

ಏಕೆಂದರೆ ನಮ್ಮನ್ನು ಸೆಳೆದ ಆ ಮೌನಕ್ಕೆ ಒಂದು ಕಾರಣವಿತ್ತು. ಒಂದೇ ಓಣಿಯಲ್ಲಿ ಐದು ಮನೆಗಳಿಗೆ ಬೀಗ. ಒಂದರ ಗೋಡೆಯಲ್ಲಿ ಅಶ್ವತ್ಥದ ಗಿಡ ಆಳೆತ್ತರ ಬೆಳೆದಿದೆ. ಮೂಲೆಯಂಗಡಿಯ ಹಿರಿಯರನ್ನು ವಿಚಾರಿಸಿದಾಗ ಮನೆಮನೆಯ ಕಥೆಯೂ ಹೊರಬಂತು. ಒಂದಕ್ಕೆ ಹನ್ನೊಂದು ವಾರಸುದಾರರು, ಮೂವರು ವಿದೇಶದಲ್ಲಿ. ಇನ್ನೊಂದರಲ್ಲಿ ಅಜ್ಜ ತೀರಿಕೊಂಡಾಗಿನಿಂದ ಮೀರಾಸ್ ಹಂಚಿಕೆಯೇ ಆಗಿಲ್ಲ. ಮತ್ತೊಂದರ ಅಣ್ಣತಮ್ಮಂದಿರು ನ್ಯಾಯಾಲಯದಲ್ಲಿದ್ದಾರೆ. ನಾವು ಪ್ರಶಾಂತತೆ ಎಂದುಕೊಂಡದ್ದು ಬಹುಮಟ್ಟಿಗೆ ಇತ್ಯರ್ಥವಾಗದ ಪಾಲುಗಳ ಮೌನವಾಗಿತ್ತು. ಅದೇ ಓಣಿಗೆ ನಾವೂ ಇನ್ನೊಂದು ಪಾಲಿನ ಮನೆ ಮಾಡಲು ಹೊರಟಿದ್ದೆವು!

ಹಳೆಯ ಮನೆಯೊಂದನ್ನು ಕೆಡವಿ ಕಟ್ಟಿದ ಕಟ್ಟಡದಲ್ಲಿ ಒಂದು ಫ್ಲ್ಯಾಟ್ ನಮಗೆಲ್ಲರಿಗೂ ಹಿಡಿಸಿತು. ಮೂಲಪತ್ರಗಳನ್ನು ತೋರಿಸಿ ಎಂದೆವು. ಹಳೆಯ ಮನೆಯ ಇಬ್ಬರು ಹೆಣ್ಣುಮಕ್ಕಳು ಯಾವುದೇ ಪ್ರತಿಫಲವಿಲ್ಲದೆ ಸೋದರರಿಗೆ ಹಕ್ಕು ಬಿಟ್ಟುಕೊಟ್ಟ ನೋಂದಾಯಿತ ಪತ್ರ ಅದರಲ್ಲಿತ್ತು. ಅವರು ಮನಸ್ಸಾರೆ ಬಿಟ್ಟರೇ ಎಂದು ದಲ್ಲಾಳಿಯನ್ನು ಕೇಳಿದೆವು. “ಉಸ್ತಾದರೇ, ಸಹಿ ಇದೆಯಲ್ಲ, ಇನ್ನೇನು ಬೇಕು?” ಎಂದು ಆತ ನಕ್ಕ. ಕಾನೂನಿಗೆ ಸಹಿ ಸಾಕು. ಆದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ನಮ್ಮ ಹೆಣ್ಣುಮಕ್ಕಳು ಇಂತಹ ಸಹಿ ಹಾಕುವುದನ್ನು ನಾವೆಲ್ಲರೂ ಬಲ್ಲೆವು. ಮನದ ಒಪ್ಪಿಗೆಯಿಲ್ಲದೆ ಪಡೆದ ಸೊತ್ತು ಹಲಾಲ್ ಆಗುವುದಿಲ್ಲ. ಆ ಮಹಿಳೆಯರ ಮನದಲ್ಲೇನಿತ್ತೋ ಅಲ್ಲಾಹನೇ ಬಲ್ಲ. ನಾವು ಮುಂಗಡ ಕೊಡದೆ ಮರಳಿದೆವು. ನಾವು ಅತಿ ಮಾಡಿದೆವೆಂದು ಅಣ್ಣನ ಅಭಿಪ್ರಾಯ, ಇರಬಹುದು.

ಬೇರೆಯವರ ಪತ್ರ ಓದುವುದು ಸುಲಭ. ಅದೇ ವಾರ ನಮ್ಮ ಮನೆಯಲ್ಲೇ ಒಂದು ಮಾತು ಬಂತು. ತಂಗಿಯ ಹೆಸರು ಕ್ರಯಪತ್ರದಲ್ಲಿ ಬೇಡ, ನಾವು ಗಂಡಸರು ಮೂವರ ಹೆಸರು ಸಾಕು, ಮುಂದೆ ಮಾರುವಾಗ ತೊಡಕಾಗುತ್ತದೆ, ಅವಳ ಹಣದ ಲೆಕ್ಕ ನಮ್ಮ ನಡುವೆ ಇರಲಿ ಎಂದು. ಹೇಳಿದ್ದು ತಮ್ಮ. ನಾವು ತಕ್ಷಣ ವಿರೋಧಿಸಲಿಲ್ಲ ಎಂಬುದನ್ನು ಇಲ್ಲಿ ಮರೆಮಾಚುವುದಿಲ್ಲ. ತಂಗಿ ತಲೆತಗ್ಗಿಸಿ “ಆಗಲಿ” ಎಂದಳು. ಆ “ಆಗಲಿ” ಎಂಬುದನ್ನು ಕೇಳಿದಾಗ ಹಳೆಯ ಮನೆಯ ಹಕ್ಕುಬಿಡುಗಡೆ ಪತ್ರ ಕಣ್ಮುಂದೆ ಬಂತು.

ಸಾಲದ ವ್ಯವಹಾರವನ್ನು ಬರೆದಿಡಿರೆಂದು ಸೂರಃ ಅಲ್‌ಬಕರದ 282ನೇ ಸೂಕ್ತ ಆದೇಶಿಸುತ್ತದೆ. ಪಾಲುದಾರರಲ್ಲಿ ಅನೇಕರು ಪರಸ್ಪರ ಅನ್ಯಾಯ ಮಾಡುತ್ತಾರೆಂಬ ದಾವೂದರ(ಅ) ಮಾತು ಸೂರಃ ಸಾದ್‌ನಲ್ಲಿದೆ. ನಂಬಿಕೆ ಇದ್ದಲ್ಲಿ ಬರವಣಿಗೆ ಏಕೆ ಎನ್ನುವವರಿದ್ದಾರೆ. ನಂಬಿಕೆ ಉಳಿಯಲೆಂದೇ ಬರವಣಿಗೆ. ದೇಶದ ಕಾನೂನೂ ಇದಕ್ಕೆ ಅಡ್ಡಿಯಲ್ಲ. ಹಲವರು ತಂತಮ್ಮ ಹಣ ಹಾಕಿ ಸ್ಥಿರಾಸ್ತಿ ಕೊಂಡರೆ ಹಾಕಿದ ಹಣದ ಪ್ರಮಾಣದಲ್ಲಿ ಪಾಲು, ಅದಕ್ಕೆ ಪುರಾವೆ ಇಲ್ಲದಿದ್ದರೆ ಸಮಪಾಲೆಂದು ಭಾವಿಸುವುದು, ಇದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಮಿನ ನಿಯಮ. ಪತ್ರದಲ್ಲಿ ಹೆಸರೇ ಇಲ್ಲದವಳು ಅಲ್ಲಿಯೂ ಹೊರಗೇ ಉಳಿಯುತ್ತಾಳೆ. ನಮ್ಮ ಲೆಕ್ಕದಲ್ಲಿ ತಂಗಿಯ ಪಾಲು ಎಂಟರಲ್ಲೊಂದು. ಅದು ಅವಳ ಹೆಸರಿನೊಡನೆ ಕ್ರಯಪತ್ರದಲ್ಲಿಯೇ ಇರಬೇಕು.

ಮರಣದ ಮಾತನ್ನೂ ಆಡಿದೆವು. ಉಮ್ಮನಿಗೆ ಅದು ಹಿಡಿಸಲಿಲ್ಲ. ನಾವು ನಾಳೆ ತೀರಿಕೊಂಡರೆ ನಮ್ಮ ಕಾಲು ಪಾಲಿನಲ್ಲಿ ಉಮ್ಮನಿಗೆ ಆರನೇ ಒಂದು, ಪತ್ನಿಗೆ ಎಂಟನೇ ಒಂದು, ಉಳಿದದ್ದು ಮಕ್ಕಳಿಗೆ. ಅಂದರೆ ಇಡೀ ಫ್ಲ್ಯಾಟಿನ 24ರಲ್ಲೊಂದು ಭಾಗ ಉಮ್ಮನದು, 32ರಲ್ಲೊಂದು ಪತ್ನಿಯದು. ಎರಡು ಕೋಣೆಯ ಮನೆ ಒಂದೇ ಸಾವಿಗೆ ಹೀಗೆ ಚೂರಾದರೆ ಎರಡನೆಯ ಸಾವಿಗೆ ಏನಾದೀತು? ಆದುದರಿಂದ ಯಾರಾದರೂ ತೀರಿಕೊಂಡ ವರ್ಷದೊಳಗೆ ಆ ಪಾಲಿಗೆ ಮಾರುಕಟ್ಟೆ ಬೆಲೆ ಕಟ್ಟಿಸಬೇಕು, ಉಳಿದವರು ಕೊಳ್ಳಬೇಕು, ಆಗದಿದ್ದರೆ ಮನೆಯನ್ನೇ ಮಾರಿ ಹಂಚಬೇಕು ಎಂದು ಈಗಲೇ ಬರೆದಿಡುತ್ತಿದ್ದೇವೆ. ಬದುಕಿರುವಾಗ ಯಾರಾದರೂ ಪಾಲು ಮಾರುವುದಾದರೆ ಮೊದಲು ಉಳಿದವರಿಗೆ ತಿಳಿಸಬೇಕು. ಇದು ಮುಸ್ಲಿಮ್‌ನ ಹದೀಸಿನಲ್ಲೇ ಇರುವ ಕ್ರಮ. ವಾಸಿಸುವ ತಮ್ಮನಿಂದ ಬಾಡಿಗೆ ಪಡೆಯುವುದಿಲ್ಲವೆಂದು ಮೂವರೂ ಒಪ್ಪಿದ್ದೇವೆ. ಅದನ್ನೂ ಬಾಯಿಮಾತಿಗೆ ಬಿಟ್ಟಿಲ್ಲ.

ತಮ್ಮ ಎರಡು ದಿನ ಮುನಿಸಿಕೊಂಡಿದ್ದ. ಮೂರನೆಯ ದಿನ ಅವನೇ ಕುದ್ರೋಳಿಯಲ್ಲೊಂದು ಫ್ಲ್ಯಾಟ್ ಇದೆಯೆಂದು ಸುದ್ದಿ ತಂದ. ಎರಡನೆಯ ಮಹಡಿ, ಲಿಫ್ಟ್ ಇಲ್ಲ, ಉಮ್ಮನ ಮೊಣಕಾಲಿಗೆ ಕಷ್ಟ. ಶುಕ್ರವಾರ ಜುಮಾ ನಂತರ ನೋಡಲು ಹೋಗುತ್ತೇವೆ. ಇಷ್ಟು ದಿನ ಮನೆ ನೋಡಲು ಹೋದದ್ದು ಗಂಡಸರು ಮಾತ್ರ. ಈ ಬಾರಿ ಪುತ್ತೂರಿನಿಂದ ತಂಗಿಯೂ ಬರುತ್ತಿದ್ದಾಳೆ. ಅಡುಗೆಮನೆಗೆ ನೀರು ಎಷ್ಟು ಹೊತ್ತು ಬರುತ್ತದೆಂದು ಮೊದಲು ಕೇಳಿಡಿ ಎಂದು ನಿನ್ನೆಯೇ ಫೋನ್ ಮಾಡಿದ್ದಾಳೆ.