ಲಕೋಟೆಯಲ್ಲಿಟ್ಟ ಹಡಗಿನ ಟಿಕೆಟ್ಟು

ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಮಿಂಚಂಚೆ ಬಂದಿತು. ಹೆಸರು ಬೇಡ, 1996ರಲ್ಲಿ ನನ್ನ ಬಳಿ ಹತ್ತನೆಯ ತರಗತಿಯಲ್ಲಿ ಓದಿದವರು ಸುಲಭವಾಗಿ ಊಹಿಸಿಕೊಳ್ಳಬಲ್ಲರು. ಊರಿನಲ್ಲಿ ಭೀಮರಥ ಶಾಂತಿ ಮುಗಿಸಿಕೊಂಡು ಅಮೆರಿಕೆಗೆ ಬರಲಿರುವ ತಂದೆತಾಯಿಗಳಿಗಾಗಿ ಅವನು ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಏಳು ರಾತ್ರಿಗಳ ಹಡಗಿನ ಪ್ರವಾಸವನ್ನು ಕಾದಿರಿಸಿದ್ದಾನಂತೆ. "ಅವರಿಗೆ ಹೇಳಿಲ್ಲ ಸರ್. ಬಂದ ಮೇಲೆ ಟಿಕೆಟ್ಟನ್ನು ಲಕೋಟೆಯಲ್ಲಿಟ್ಟು ಕೈಗೆ ಕೊಡುತ್ತೇನೆ. ಎಲ್ಲವೂ ಸೇರಿದ ದರ, ಬಹಳ ಅಗ್ಗ" ಎಂದು ಬರೆದಿದ್ದಾನೆ.

ಅವನ ಪಿತೃಭಕ್ತಿಗೆ ನನ್ನ ಮೆಚ್ಚುಗೆಯಿದೆ. ಆದರೆ ಆ ಮೂರು ವಾಕ್ಯಗಳಲ್ಲಿ ಒಂದನ್ನೂ ನಾನು ಒಪ್ಪಲಾರೆ. ತಂದೆತಾಯಿಗೆ ಹೇಳದಿರುವುದು ತಪ್ಪು. ಲಕೋಟೆ ತಪ್ಪು. "ಎಲ್ಲವೂ ಸೇರಿದ ದರ" ಎಂಬುದಂತೂ ಶುದ್ಧ ಸುಳ್ಳು, ಅದು ಅವನು ಹೇಳಿದ ಸುಳ್ಳಲ್ಲ, ಅವನಿಗೆ ಹೇಳಲಾದ ಸುಳ್ಳು. ನನ್ನ ಶಿಷ್ಯರಲ್ಲಿ, ಬಂಧುಗಳ ಮಕ್ಕಳಲ್ಲಿ ಇಂಥ ಲಕೋಟೆಗಳನ್ನು ಸಿದ್ಧಪಡಿಸುತ್ತಿರುವವರು ಇನ್ನೂ ಅನೇಕರಿರಬಹುದೆಂಬ ಭಯದಿಂದ ಇದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮಗೂ ಒಂದು ಲಕೋಟೆ ದೊರಕಿತ್ತು. 2023ರ ಜುಲೈ. ಸ್ಯಾನ್ ಹೊಸೆಯಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಮಗಳೂ ಇಬ್ಬರು ಮೊಮ್ಮಕ್ಕಳೂ ಅಮೆರಿಕದ ಪ್ರಜೆಗಳು, ಅಳಿಯನಿಗೆ ಗ್ರೀನ್ ಕಾರ್ಡು, ನಮ್ಮಿಬ್ಬರದು ಭಾರತದ ಪಾಸ್‌ಪೋರ್ಟು. ಆರೂ ಜನ ಹಿಂದಿನ ದಿನವೇ ಸಿಯಾಟಲ್‌ಗೆ ಹೋಗಿ ತಂಗಿ, ಬೆಳಿಗ್ಗೆ ಬಂದರಿಗೆ ಹೋದೆವು. ಬಾಗಿಲಲ್ಲೇ ಕೂಲಿಯವರು ಪೆಟ್ಟಿಗೆಗಳನ್ನು ಹಡಗಿಗೆ ಸಾಗಿಸಿಬಿಟ್ಟರು. ಒಳಗೆ ಮೇಜಿನ ಹಿಂದಿದ್ದ ಹುಡುಗಿ ನನ್ನ ಪಾಸ್‌ಪೋರ್ಟಿನ ಪುಟಗಳನ್ನು ಎರಡು ಸಲ ತಿರುವಿ, "ಕೆನಡಾದ ವೀಸಾ?" ಎಂದು ಕೇಳಿದಳು. ಅಲಾಸ್ಕಾ ಅಮೆರಿಕದ್ದೇ ರಾಜ್ಯವಲ್ಲವೇ, 1867ರಲ್ಲಿ ರಷ್ಯಾದಿಂದ 72 ಲಕ್ಷ ಡಾಲರಿಗೆ ಕೊಂಡದ್ದಲ್ಲವೇ ಎಂದು ಸಮಾಜ ವಿಜ್ಞಾನದ ಮೇಷ್ಟ್ರಾದ ನಾನು ಅವಳಿಗೆ ಪಾಠ ಹೇಳಲು ಹೊರಟೆ. ಕೊನೆಯ ಸಂಜೆ ಹಡಗು ಕೆಲವು ಗಂಟೆ ಕೆನಡಾದ ವಿಕ್ಟೋರಿಯಾ ಬಂದರಿನಲ್ಲಿ ನಿಲ್ಲುತ್ತದೆಂದು ಅವಳು ಶಾಂತವಾಗಿ ಹೇಳಿದಳು. ನಾವು ಇಳಿಯುವುದೇ ಇಲ್ಲ, ಕೋಣೆಯಲ್ಲೇ ಕುಳಿತಿರುತ್ತೇವೆ ಎಂದು ಮಗಳು ಅಂಗಲಾಚಿದಳು. ಪ್ರಯೋಜನವಾಗಲಿಲ್ಲ.

ಅವರು ನಾಲ್ವರನ್ನು ಬಲವಂತದಿಂದ ಹಡಗು ಹತ್ತಿಸಿದೆವು. ನನ್ನ ರಕ್ತದೊತ್ತಡದ ಮಾತ್ರೆಗಳಿದ್ದ ಪೆಟ್ಟಿಗೆಯನ್ನು ಹಡಗಿನ ಹೊಟ್ಟೆಯಿಂದ ಹುಡುಕಿ ತರಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನನ್ನ ಹೆಂಡತಿ ಬೆಂಚಿನ ಮೇಲೆ, ಹಿಮನದಿಯ ಚಳಿಗೆಂದು ತಾನೇ ಹೆಣೆದ ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. "ಮಕ್ಕಳ ಮುಂದೆ ಬೇಸರ ತೋರಿಸಬೇಡಿ" ಎಂದದ್ದು ಬಿಟ್ಟರೆ ಬೇರೇನೂ ಹೇಳಲಿಲ್ಲ. ಅವಳ ಮಂಡಿಗಳು ಈಗ ಅಷ್ಟು ದೂರದ ವಿಮಾನ ಪ್ರಯಾಣಕ್ಕೆ ಒಪ್ಪುವುದಿಲ್ಲ.

ಆ ವಿಕ್ಟೋರಿಯಾ ನಿಲುಗಡೆ ಏಕೆಂಬುದನ್ನು ಮರಳಿದ ಮೇಲೆ ಓದಿ ತಿಳಿದೆ. 1886ರಲ್ಲಿ, ಎಂದರೆ ನಮ್ಮ ಮೈಸೂರಿನಲ್ಲಿ ಹತ್ತನೆಯ ಚಾಮರಾಜ ಒಡೆಯರು ಆಳುತ್ತಿದ್ದಾಗ, ಅಮೆರಿಕದ ಕಾಂಗ್ರೆಸ್ಸು ತನ್ನ ಹಡಗುಗಳ ರಕ್ಷಣೆಗಾಗಿ ಒಂದು ಕಾನೂನು ಮಾಡಿತು. ವಿದೇಶೀ ಹಡಗು ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸಕೂಡದು. ನಡುವೆ ಒಂದು ಪರದೇಶದ ಬಂದರನ್ನು ಮುಟ್ಟಲೇಬೇಕು. ಇಂದಿನ ದೊಡ್ಡ ವಿಹಾರ ನೌಕೆಗಳು ಬಹುತೇಕ ಯೂರೋಪಿನಲ್ಲಿ ಕಟ್ಟಲ್ಪಟ್ಟು ಬಹಾಮಾಸ್, ಪನಾಮಾ, ಬರ್ಮುಡಾಗಳಲ್ಲಿ ನೋಂದಣಿಯಾದವು. ಆದ್ದರಿಂದ ಸಿಯಾಟಲ್‌ನಿಂದ ಜೂನೋ, ಸ್ಕ್ಯಾಗ್ವೇ, ಕೆಚಿಕನ್ ಸುತ್ತಿ ಬರುವ ಹಡಗು ಕೆನಡಾಕ್ಕೆ ಒಂದು ಸಲಾಮು ಹೊಡೆದು ಬರಬೇಕು. 2021ರಲ್ಲಿ ಕೊರೋನಾದ ಕಾರಣ ಕೆನಡಾ ತನ್ನ ಬಂದರುಗಳನ್ನು ಮುಚ್ಚಿದಾಗ ಅಮೆರಿಕ ತಾತ್ಕಾಲಿಕ ಕಾನೂನೊಂದನ್ನು ಮಾಡಿಕೊಂಡಿತು. ಆ ಬೇಸಿಗೆ ಹಡಗುಗಳು ವಿಕ್ಟೋರಿಯಾವನ್ನು ಮುಟ್ಟದೆಯೇ ಸುಖವಾಗಿ ಹೋಗಿ ಬಂದವು. ಅಲ್ಲಿಗೆ, ಆ ನಿಲುಗಡೆ ನಮ್ಮ ಕಣ್ತಣಿಸಲು ಇರುವುದಲ್ಲವೆಂಬುದು ಸ್ಪಷ್ಟವಾಯಿತಲ್ಲ!

ನನ್ನ ಆಕ್ಷೇಪ ಕಾನೂನಿನ ಮೇಲಲ್ಲ, ಅದನ್ನು ಬಲ್ಲವರ ಮೌನದ ಮೇಲೆ. ನಾವು ಟಿಕೆಟ್ಟು ಕೊಂಡ ಕಂಪನಿ ಮೊದಲ ಪುಟದಲ್ಲೇ ಕ್ರೆಡಿಟ್ ಕಾರ್ಡಿನ ಸಂಖ್ಯೆಯನ್ನು ಕೇಳಿತ್ತು. ನಮ್ಮ ಪೌರತ್ವ ಯಾವುದೆಂದು ಕೇಳಿದ್ದು ಹಣ ಪೂರ್ತಿ ಸಂದಾಯವಾದ ಎಷ್ಟೋ ದಿನಗಳ ಮೇಲೆ. "ಭಾರತ" ಎಂದು ತುಂಬಿದಾಗಲೂ ಅದರ ಗಣಕಯಂತ್ರ ತುಟಿಪಿಟಕ್ಕೆನ್ನಲಿಲ್ಲ. ದಾಖಲೆಗಳ ಹೊಣೆ ಪ್ರಯಾಣಿಕರದೇ ಎಂದು ಷರತ್ತುಗಳ ನಡುವೆ ಇರುವೆ ಸಾಲಿನಂಥ ಅಕ್ಷರಗಳಲ್ಲಿತ್ತು. ಬಂದರು ತೆರಿಗೆಯೂ ಟಿಪ್ಸೂ ಮರಳಿದವು. ಯಾನದ ದರ ಹೋಯಿತು. ಎರಡು ಸಾಲಿನ ಎಚ್ಚರಿಕೆಯನ್ನು ದೊಡ್ಡಕ್ಷರದಲ್ಲಿ ಕೊಡಲಾರದವರು ಅಷ್ಟು ದೊಡ್ಡ ಹಡಗನ್ನು ನಡೆಸುತ್ತಾರೆಂದರೆ ನನಗೆ ನಂಬಿಕೆ ಬರುವುದಿಲ್ಲ. ಅವರಿಗೆ ಬೇಡ, ಅಷ್ಟೆ.

ಮಕ್ಕಳೇ, ನಿಮ್ಮದೂ ಒಂದು ಮರೆವುಂಟು. ನೀಲಿ ಪಾಸ್‌ಪೋರ್ಟು ಕೈಗೆ ಬಂದ ಮೇಲೆ ಗಡಿ ಎಂಬುದೊಂದಿದೆ ಎಂಬುದೇ ನಿಮಗೆ ಮರೆತುಹೋಗುತ್ತದೆ. ಅಮೆರಿಕದ ಪ್ರಜೆಗೆ ಕೆನಡಾದ ವೀಸಾ ಬೇಡ, ಗ್ರೀನ್ ಕಾರ್ಡಿನವರು ಕಾರ್ಡಿನೊಡನೆ ಪಾಸ್‌ಪೋರ್ಟು ತೋರಿಸಿದರೆ ಸಾಕು, ಆದರೆ ಅಮೆರಿಕದ ಸಂದರ್ಶಕ ವೀಸಾ ಮಾತ್ರ ಇರುವ ತಂದೆತಾಯಿಗೆ ಬೇಕೇಬೇಕು. ಅದನ್ನು ಅವರು ಭಾರತದಿಂದ ಹೊರಡುವ ಮುನ್ನವೇ, ತಿಂಗಳುಗಳ ಬಿಡುವಿಟ್ಟುಕೊಂಡು ಪಡೆಯುವುದು ಲೇಸು. ತಲೆಗೆ 100 ಕೆನಡಾ ಡಾಲರು, ಬೆರಳಚ್ಚಿಗೆ 85; 79 ದಾಟಿದವರಿಗೆ ಬೆರಳಚ್ಚಿನ ಕಾಟವಿಲ್ಲ. ಬೆಂಗಳೂರಿನಲ್ಲೇ ಅದರ ಕೇಂದ್ರವಿದೆ. ಇದನ್ನೆಲ್ಲ ಮಾಡಲು ಅವರಿಗೆ ವಿಷಯ ತಿಳಿದಿರಬೇಕಷ್ಟೆ? ಅದಕ್ಕೇ ಲಕೋಟೆ ಬೇಡವೆಂದದ್ದು. (ಯೂರೋಪಿನ ಯಾನಕ್ಕೂ ಇದೇ ಮಾತು. ಗ್ರೀಸಿನಿಂದ ಹೊರಟ ಹಡಗು ತುರ್ಕಿಯನ್ನು ಮುಟ್ಟಿ ಮತ್ತೆ ಗ್ರೀಸಿಗೆ ಬರುವುದಾದರೆ ಒಂದೇ ಪ್ರವೇಶದ ಷೆಂಗೆನ್ ವೀಸಾ ಅಲ್ಲಿಗೆ ಮುಗಿದಂತೆ. ಹಲವು ಪ್ರವೇಶದ್ದೇ ಬೇಕು, ತುರ್ಕಿಯ ನಿಯಮ ಬೇರೆ.) ಬೇರೊಂದು ದೇಶದ ಸಹವಾಸವೇ ಬೇಡವೆನ್ನುವವರಿಗೆ ಹವಾಯಿ ಇದೆ. ಅಲ್ಲಿ ದ್ವೀಪಗಳನ್ನು ಸುತ್ತುವ 'ಪ್ರೈಡ್ ಆಫ್ ಅಮೆರಿಕ' ಅಮೆರಿಕದ ಧ್ವಜದ್ದೇ ನೌಕೆಯಾದ್ದರಿಂದ ಪರದೇಶದ ಬಂದರನ್ನು ಮುಟ್ಟುವ ಕಟ್ಟಳೆ ಅದಕ್ಕಿಲ್ಲ.

ಇನ್ನು "ಎಲ್ಲವೂ ಸೇರಿದ" ದರ. ನಮಗೆ ಜಾಹೀರಾತಿನಲ್ಲಿ ಕಂಡದ್ದು ತಲೆಗೆ 649 ಡಾಲರು. ತೆರಿಗೆ, ಬಂದರು ಶುಲ್ಕ ಸೇರಿ ಅದು 900ರ ಸಮೀಪಕ್ಕೆ ಹೋಯಿತು. 2024ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಕಾನೂನು ಕಿವಿ ಹಿಂಡಿದ ಮೇಲಷ್ಟೇ ಪ್ರಮುಖ ಕಂಪನಿಗಳು ಈ ಶುಲ್ಕಗಳನ್ನು ಮೊದಲ ದರದಲ್ಲೇ ತೋರಿಸತೊಡಗಿದವು. ಆದರೂ ಟಿಪ್ಸ್ ಹೊರಗೇ ಉಳಿಯಿತು. ಅದು ದಿನಕ್ಕೆ ತಲೆಗೆ 16ರಿಂದ 20 ಡಾಲರಿನಷ್ಟು. ಕೈಕೂಸಿಗೂ ಬಿಡದ ಕಂಪನಿಗಳುಂಟು. ಆರು ಜನರಿಗೆ ಏಳು ದಿನಕ್ಕೆ ನೀವೇ ಗುಣಿಸಿಕೊಳ್ಳಿ, ಲೆಕ್ಕದ ಮೇಷ್ಟ್ರು ನಾನಲ್ಲ. ಇಂಟರ್‌ನೆಟ್ಟು, ತಂಪು ಪಾನೀಯ, ಫೋಟೋ ಎಲ್ಲಕ್ಕೂ ಬೇರೆ ಬೇರೆ. ಹಡಗಿನ ವೈದ್ಯರ ಬಿಲ್ಲು ಡಾಲರಿನಲ್ಲೇ ಬರುತ್ತದೆ. ಹಿರಿಯರ ಹಳೆಯ ಕಾಯಿಲೆಗಳಿಗೂ ಅನ್ವಯಿಸುವ ವಿಮೆಯಿಲ್ಲದೆ ಹತ್ತಬೇಡಿ. ಇಲ್ಲಿ ಮಾತ್ರ ಜಿಪುಣತನ ಸಲ್ಲದು. ದಡದ ವಿಹಾರಗಳನ್ನು ಹಡಗಿನವರಿಂದಲೇ ಕೊಳ್ಳಬೇಕೆಂಬುದೂ ಭ್ರಮೆ. ಯಾವ ರಸ್ತೆಯೂ ಹೊರಲೋಕಕ್ಕೆ ಸೇರಿಸದ ರಾಜಧಾನಿ ಜೂನೋದಲ್ಲಿ, ಮೆಂಡನ್‌ಹಾಲ್ ಹಿಮನದಿಯಿಂದ ಎರಡೂವರೆ ಕಿಲೋಮೀಟರಿನಷ್ಟು ಈಚೆಗೆ ಊರ ಬಸ್ಸೇ ಹೋಗುತ್ತದೆ. ನಡೆಯಲಾರದವರಿಗೆ ದಡದಲ್ಲೇ ಸ್ಥಳೀಯರ ವಾಹನಗಳುಂಟು.

ವಿಮಾನದ ವಿಷಯದಲ್ಲಿ ನನ್ನ ಮಗಳು ಮಾಡಿದ್ದೇ ಸರಿ: ಹಿಂದಿನ ದಿನ ತಲುಪುವುದು. ಒಂದು ರಾತ್ರಿಯ ಹೋಟೆಲಿನ ಹಣ ಉಳಿಸಲು ಅದೇ ಬೆಳಿಗ್ಗೆಯ ವಿಮಾನ ಹಿಡಿದವರಿಗಾಗಿ ಹಡಗು ಕಾಯುವುದಿಲ್ಲ. ಮುಂದಿನ ಬಂದರಿಗೆ ಹಾರಿ ಹತ್ತುತ್ತೇವೆಂದರೆ ಅದೇ 1886ರ ಕಾನೂನು ಅಡ್ಡ ಬರುತ್ತದೆ. ಕೆಚಿಕನ್‌ನಲ್ಲಿ ಹತ್ತಿ ಸಿಯಾಟಲ್‌ನಲ್ಲಿ ಇಳಿಯುವವನು ಅಮೆರಿಕದ ಎರಡು ಬಂದರುಗಳ ನಡುವಿನ ಪ್ರಯಾಣಿಕನಾಗಿಬಿಡುತ್ತಾನೆ. ಮರಳುವ ದಿನವೂ ಮಧ್ಯಾಹ್ನದ ಅನಂತರದ ವಿಮಾನವೇ ಇರಲಿ.

ವಯಸ್ಸಾದವರಿಗೆ ಹಡಗೇಕೆ, ಕಾಶಿ ಸಾಲದೇ ಎಂದು ಕೆಲವು ಬಂಧುಗಳು ಕೇಳಿದ್ದುಂಟು. ಅವರ ಗುಂಪಿಗೆ ನಾನು ಸೇರಿದವನಲ್ಲ. ಪೆಟ್ಟಿಗೆಯನ್ನು ಒಂದೇ ಬಾರಿ ಬಿಚ್ಚಿ, ಮೆಟ್ಟಿಲೇರದೆ, ಊಟದ ಚಿಂತೆಯಿಲ್ಲದೆ ಕುಳಿತಲ್ಲಿಂದಲೇ ಹಿಮಪರ್ವತ ನೋಡುವ ಸುಖ ನೋಯುವ ಮಂಡಿಗಳಿಗಾಗಿಯೇ ಇರುವಂಥದು. ಮೊಮ್ಮಕ್ಕಳು ತೆಗೆದು ತಂದ ಚಿತ್ರಗಳನ್ನು ನನ್ನ ಹೆಂಡತಿ ಈಗಲೂ ನೋಡುತ್ತಿರುತ್ತಾಳೆ.

ನನ್ನ ಶಿಷ್ಯನ ಹಡಗು ಹೊರಡುವುದು ಆಗಸ್ಟಿನಲ್ಲಿ. ಅವನ ತಂದೆತಾಯಿ ಇನ್ನೂ ಶಿವಮೊಗ್ಗದಲ್ಲೇ ಇದ್ದಾರೆ. ಈ ರಾತ್ರಿಯೇ ತಾಯಿಗೆ ಫೋನು ಮಾಡಿ ಲಕೋಟೆಯ ಗುಟ್ಟನ್ನು ಹೇಳಿಬಿಡು, ಇಲ್ಲದಿದ್ದರೆ ನಾನೇ ಹೇಳುತ್ತೇನೆ ಎಂದು ಅವನಿಗೆ ಬರೆದಿದ್ದೇನೆ. ಉತ್ತರ ಬಂದಿಲ್ಲ. ಅವರ ಮನೆಯ ದೂರವಾಣಿ ಸಂಖ್ಯೆ ನನ್ನಲ್ಲಿದೆ.