ಬೆಳ್ಳಗಿರುವುದೆಲ್ಲ ತೊನ್ನಲ್ಲ

ಮದುವೆಯ ಮಾತುಕತೆ ನಡೆಯುತ್ತಿರುವ ಒಂದು ಮನೆ. ಹುಡುಗಿ ಕನ್ನಡಿಯ ಮುಂದೆ ನಿಂತು ಹಣೆಗೆ ಅಂಟಿಸಿದ ಬೊಟ್ಟನ್ನು ತೆಗೆಯುತ್ತಾಳೆ. ಬೊಟ್ಟು ಇದ್ದ ಜಾಗದಲ್ಲಿ ಕಡಲೆಕಾಳಿನಷ್ಟು ಬಿಳುಪು. ಒರೆಸಿದರೆ ಹೋಗದು, ತೊಳೆದರೂ ಹೋಗದು. ತಾಯಿ ಬಂದು ನೋಡುತ್ತಾಳೆ. ಕೋಣೆಯ ಬಾಗಿಲು ಮುಚ್ಚುತ್ತಾಳೆ. "ಯಾರ ಮುಂದೆಯೂ ಬಾಯಿಬಿಡಬೇಡ ಕಣೇ" ಎಂಬುದೇ ಅವಳಿಂದ ಹೊರಡುವ ಮೊದಲ ಮಾತು. ವೈದ್ಯರ ನೆನಪು ಬರುವುದು ಎಷ್ಟೋ ದಿನಗಳ ಮೇಲೆ.

ಅದೇ ಮನೆಯ ಹಜಾರದಲ್ಲಿ ಪತ್ರಿಕೆ ಓದುತ್ತ ಕುಳಿತ ತಂದೆಯ ಮುಂಗೈಯಲ್ಲಿ ತುಸು ಬಣ್ಣಗೆಟ್ಟ ಮಚ್ಚೆಯೊಂದು ವರ್ಷದಿಂದ ಇದೆ. ಅದು ನೋಯುವುದಿಲ್ಲ, ತುರಿಸುವುದಿಲ್ಲ. ಕಿರುಬೆರಳಿನಲ್ಲಿ ಆಗಾಗ ಜೋಮು ಹಿಡಿಯುವುದುಂಟು. ಅದು ವಯಸ್ಸಿನ ದೋಷವೆಂದು ಅವರೇ ತೀರ್ಮಾನಿಸಿದ್ದಾರೆ. ಆ ಮಚ್ಚೆಗಾಗಿ ಯಾರೂ ಬಾಗಿಲು ಮುಚ್ಚಲಿಲ್ಲ.

ಇಂಥ ಮನೆ ಯಾವ ಊರಿನಲ್ಲಾದರೂ ಇದ್ದೀತು. ಹೆದರಬೇಕಿಲ್ಲದ ಕಡೆ ಮನೆಯೆಲ್ಲ ನಡುಗುತ್ತದೆ. ಎಚ್ಚರಗೊಳ್ಳಬೇಕಾದ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಈ ಗೊಂದಲಕ್ಕೆ ಭಾಷೆಯೂ ಒಂದು ಕಾರಣ. ತೊನ್ನಿಗೆ 'ಶ್ವೇತಕುಷ್ಠ' ಎಂಬ ಹೆಸರು ರೂಢಿಯಲ್ಲಿದೆ. ಕುಷ್ಠವೆಂಬ ಶಬ್ದ ಕಿವಿಗೆ ಬಿದ್ದೊಡನೆ ಮೊಂಡಾದ ಬೆರಳುಗಳೂ ಗುಡಿಯ ಮುಂದಿನ ಭಿಕ್ಷಾಪಾತ್ರೆಯೂ ಕಣ್ಣಮುಂದೆ ನಿಲ್ಲುತ್ತವೆ. ಆದರೆ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಕುಷ್ಠವೆಂಬುದು ಒಂದೇ ರೋಗದ ಹೆಸರಲ್ಲ. ನಾನಾ ಚರ್ಮರೋಗಗಳ ಕುಲನಾಮ. ಚರಕಸಂಹಿತೆ 7 ಮಹಾಕುಷ್ಠಗಳು, 11 ಕ್ಷುದ್ರಕುಷ್ಠಗಳು ಎಂದು 18 ಬಗೆಗಳನ್ನು ಎಣಿಸಿ, ಬಿಳುಪಿನ ರೋಗವನ್ನು 'ಶ್ವಿತ್ರ'ವೆಂದು ಬೇರೆಯಾಗಿಯೇ ಹೇಳುತ್ತದೆ. ಕಾಲಾಂತರದಲ್ಲಿ ಕುಲದ ಹೆಸರು ಒಂದೇ ರೋಗಕ್ಕೆ ಉಳಿಯಿತು. ಅದರ ಅಪಕೀರ್ತಿಯನ್ನು ಮಾತ್ರ ತೊನ್ನೂ ಹೊರಬೇಕಾಯಿತು.

ಬಿಳಿಯ ಮಚ್ಚೆಗೆ ಕಾರಣಗಳು ಹಲವು. ಅವುಗಳಲ್ಲಿ ನಾಲ್ಕನ್ನು ಗುರುತಿಸಲು ಕಲಿತರೆ ಅರ್ಧ ಭಯ ಕಳೆಯುತ್ತದೆ.

ಮೊದಲನೆಯದು ಮಕ್ಕಳ ಕೆನ್ನೆಯ ಮೇಲೆ ಕಾಣುವ ಮಸುಕಾದ, ಒಣಗಿದ ಬಿಳುಪು. ಹೊಟ್ಟೆಯಲ್ಲಿ ಜಂತುಹುಳು ಇದೆಯೆಂದು ತಾಯಂದಿರು ಔಷಧ ಕುಡಿಸುವುದು ಇದಕ್ಕೇ. ಹುಳುವಿಗೂ ಇದಕ್ಕೂ ಸಂಬಂಧವಿಲ್ಲ. ಒಣಚರ್ಮದ ಮಕ್ಕಳಲ್ಲಿ ಬಿಸಿಲು ತಾಗಿದಾಗ ಇದು ಎದ್ದು ಕಾಣುತ್ತದೆ. ಚರ್ಮವನ್ನು ಮೆತ್ತಗಿಡುವ ಸಾಧಾರಣ ಲೇಪವೊಂದು ಸಾಕು. ಕೆಲವು ತಿಂಗಳಲ್ಲಿ, ಕೆಲವೊಮ್ಮೆ ಇನ್ನೂ ನಿಧಾನವಾಗಿ, ತಾನೇ ಮಾಯವಾಗುತ್ತದೆ.

ಎರಡನೆಯದು ಚಿಬ್ಬು. ಬೆವರು ಹೆಚ್ಚುವ ಕತ್ತು, ಎದೆ, ಬೆನ್ನುಗಳ ಮೇಲೆ ಚಿಕ್ಕ ಚಿಕ್ಕ ಬೊಟ್ಟುಗಳಾಗಿ ಹಬ್ಬುತ್ತದೆ. ಉಗುರಿನಿಂದ ಕೆರೆದರೆ ಸಣ್ಣ ಹೊಟ್ಟು ಏಳುವುದೇ ಇದರ ಗುರುತು. ಎಲ್ಲರ ಚರ್ಮದಲ್ಲಿಯೂ ಸದ್ದಿಲ್ಲದೆ ಬಾಳುವ ಒಂದು ಬಗೆಯ ಶಿಲೀಂಧ್ರ ಸೆಕೆ-ಬೆವರುಗಳಲ್ಲಿ ಹೆಚ್ಚಿಕೊಂಡಾಗ ಇದು ತಲೆದೋರುತ್ತದೆ. ಕೀಟೋಕೊನಜೋಲಿನಂತಹ ಲೇಪದಿಂದ ವಾಸಿಯಾಗುತ್ತದೆ; ಆದರೆ ಶಿಲೀಂಧ್ರ ಸತ್ತಮೇಲೂ ಚರ್ಮದ ಬಣ್ಣ ಮರಳಲು ತಿಂಗಳುಗಳೇ ಹಿಡಿಯಬಹುದು. ಈ ನಡುವೆ ಔಷಧ ನಾಟಲಿಲ್ಲವೆಂದು ಅಂಗಡಿಯಿಂದ ಅಂಗಡಿಗೆ ಅಲೆದು, ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನು ತಂದು ಹಚ್ಚುವುದು ಕೆಡುಕಿಗೆ ದಾರಿ. ಅಂಥ ಮುಲಾಮು ತುರಿಕೆಯನ್ನು ಅಡಗಿಸಿ ಶಿಲೀಂಧ್ರವನ್ನು ಬೆಳೆಸುತ್ತದೆ; ಬಹುಕಾಲ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ.

ಮೂರನೆಯದು ತೊನ್ನು. ಇಲ್ಲಿ ಬಿಳುಪು ಹಾಲಿನಂತೆ ಅಚ್ಚಬಿಳುಪು, ಅಂಚು ಸ್ಪಷ್ಟ, ಮಚ್ಚೆಯ ಮೇಲಿನ ಕೂದಲೂ ಬೆಳ್ಳಗಾಗಬಹುದು. ಚರ್ಮ ಮಾತ್ರ ಮೊದಲಿನಷ್ಟೇ ನುಣುಪು, ಸ್ಪರ್ಶಜ್ಞಾನ ಮೊದಲಿನಷ್ಟೇ ಚುರುಕು. ಬಹುಪಾಲು ಇಲ್ಲಿ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ, ಬಣ್ಣವನ್ನು ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಮುಟ್ಟಿದರೆ ಅಂಟುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ. ಮೀನು ತಿಂದು ಹಾಲು ಕುಡಿದುದರಿಂದ ಬರುವುದೂ ಅಲ್ಲ. ಹುಳಿ ಬಿಟ್ಟುದರಿಂದ ಹೋಗುವುದೂ ಅಲ್ಲ. ಕೆಲವರಲ್ಲಿ ಥೈರಾಯ್ಡ್ ಗ್ರಂಥಿಯ ತೊಂದರೆ ಜೊತೆಗಿರುವುದರಿಂದ ಅದರ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು.

ತೊನ್ನಿಗೆ ಹಿಂದಿನವರು ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿನಲ್ಲಿ ಕೂರಿಸುತ್ತಿದ್ದರು. ಅದರಲ್ಲಿ ಅರ್ಥವಿತ್ತು: ಆ ಬೀಜದಲ್ಲಿರುವ ಸೋರಾಲೆನ್ ಎಂಬ ದ್ರವ್ಯ ಚರ್ಮವನ್ನು ಬೆಳಕಿಗೆ ಹೆಚ್ಚು ಸ್ಪಂದಿಸುವಂತೆ ಮಾಡುತ್ತದೆ. ಅಳತೆ ತಪ್ಪಿದರೆ ಮೈ ಸುಟ್ಟು ಬೊಬ್ಬೆಯೇಳುವುದೂ ಅದರಿಂದಲೇ. ಈಗ ಚರ್ಮವೈದ್ಯರು ಅಳತೆಯಿಟ್ಟ ನೇರಳಾತೀತ ಕಿರಣಗಳಿಂದಲೂ ಲೇಪಗಳಿಂದಲೂ ಚಿಕಿತ್ಸೆ ಮಾಡುತ್ತಾರೆ. ಹಬ್ಬುವುದು ನಿಂತ ಮಚ್ಚೆಗಳಿಗೆ ಚರ್ಮದ ಕಸಿಯೂ ಉಂಟು. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ರಕ್ಸೋಲಿಟಿನಿಬ್ ಎಂಬ ಲೇಪಕ್ಕೂ ಅನುಮತಿಯಿತ್ತಿತು. ಮುಖದ ಬಣ್ಣ ಬೇಗ ಮರಳುತ್ತದೆ, ಬೆರಳತುದಿಯದು ಕಷ್ಟ. ಎಲ್ಲರಿಗೂ ಪೂರ್ಣ ಗುಣವೆಂದು ಆಣೆಯಿಡುವವರನ್ನು ನಂಬಬಾರದು. ಏನೂ ಮಾಡಲಾಗದು ಎನ್ನುವವರನ್ನೂ ನಂಬಬೇಕಾಗಿಲ್ಲ.

ಹಣೆಯ ಬಿಳುಪಿಗೆ ಮತ್ತೊಂದು ಕಾರಣವಿರಬಹುದು. ಅಂಟಿಸುವ ಬೊಟ್ಟುಗಳ ಅಂಟಿನಲ್ಲಿ ಬಳಸುವ ಒಂದು ರಾಸಾಯನಿಕ ಕೆಲವರ ಚರ್ಮದಲ್ಲಿ ಬಣ್ಣದ ಕೋಶಗಳನ್ನೇ ಕೊಲ್ಲುತ್ತದೆ. ರಬ್ಬರಿನ ಚಪ್ಪಲಿಯ ಪಟ್ಟಿ ತಾಗುವ ಕಡೆ ಪಾದ ಬೆಳ್ಳಗಾಗುವುದೂ ಹೀಗೆಯೇ. ಮೊದಲ ಚಿಕಿತ್ಸೆಯೆಂದರೆ ಆ ಬೊಟ್ಟನ್ನು, ಆ ಚಪ್ಪಲಿಯನ್ನು ಬಿಡುವುದು. ಬಿಳುಪನ್ನು ಮರೆಮಾಡಲು ಅದೇ ಬೊಟ್ಟನ್ನು ಇನ್ನೂ ದೊಡ್ಡದಾಗಿ ಅಂಟಿಸಿಕೊಳ್ಳುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ನಾಲ್ಕನೆಯದೇ ಕುಷ್ಠ. ಇದರ ಮಚ್ಚೆ ಹಾಲುಬಿಳುಪಾಗಿರುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ತುಸು ಮಸುಕು ಅಥವಾ ಕೆಂಪು. ಅಲ್ಲಿ ಬೆವರು ಕಡಿಮೆ, ರೋಮ ವಿರಳ. ಎಲ್ಲಕ್ಕಿಂತ ಮಿಗಿಲಾದ ಗುರುತು, ಅಲ್ಲಿ ಸ್ಪರ್ಶ ತಿಳಿಯದು. ಏಕೆಂದರೆ 1873ರಲ್ಲಿ ನಾರ್ವೆಯ ಹಾನ್ಸೆನ್ ಗುರುತಿಸಿದ ಇದರ ರೋಗಾಣು ಚರ್ಮದ ಜೊತೆಗೆ ನರಗಳನ್ನೂ ಹಿಡಿಯುತ್ತದೆ. ಅದು ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ಆದುದರಿಂದ ಸೋಂಕು ತಗಲಿ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷವೂ ಹಿಡಿಯುತ್ತದೆ. ಬಹುಪಾಲು ಜನರಿಗೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ.

ಕುಷ್ಠದಲ್ಲಿ ಬೆರಳು ಕೊಳೆತು ಉದುರುತ್ತದೆ ಎಂಬುದು ಹಳೆಯ ನಂಬಿಕೆ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅದು ಹಾಗಲ್ಲವೆಂದು ತೋರಿಸಿಕೊಟ್ಟರು. ನೋವೇ ತಿಳಿಯದ ಕೈ ಬಿಸಿ ಪಾತ್ರೆಯನ್ನು ಬಿಡುವುದಿಲ್ಲ, ಚುಚ್ಚಿದ ಮುಳ್ಳನ್ನು ಅರಿಯುವುದಿಲ್ಲ. ಗಾಯದ ಮೇಲೆ ಗಾಯವಾಗಿ ಬೆರಳು ಸವೆಯುತ್ತದೆ. ನೋವು ಶತ್ರುವಲ್ಲ, ಕಾವಲುಗಾರ. ನೋಯದ ಮಚ್ಚೆಯೆಂದರೆ ಕಾವಲುಗಾರನಿಲ್ಲದ ಮನೆ.

ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯುಂಟು. ಮಚ್ಚೆಯಿರುವವರು ಕಣ್ಣು ಮುಚ್ಚಿರಬೇಕು. ಹತ್ತಿಯ ಎಳೆಯೊಂದರ ತುದಿಯಿಂದ ಒಮ್ಮೆ ಒಳ್ಳೆಯ ಚರ್ಮವನ್ನೂ ಒಮ್ಮೆ ಮಚ್ಚೆಯನ್ನೂ ಮೃದುವಾಗಿ ಮುಟ್ಟಬೇಕು. ಮುಟ್ಟಿದ ಜಾಗವನ್ನು ಅವರು ಬೆರಳಿನಿಂದ ತೋರಿಸಬೇಕು. ಮಚ್ಚೆಯಲ್ಲಿ ಮತ್ತೆ ಮತ್ತೆ ತಪ್ಪಿದರೆ ಒಂದು ದಿನವೂ ತಡಮಾಡದೆ ವೈದ್ಯರನ್ನು ಕಾಣಬೇಕು. ತಪ್ಪದಿದ್ದರೂ ನಿಶ್ಚಿಂತರಾಗುವಂತಿಲ್ಲ, ಕುಷ್ಠದ ಕೆಲವು ಬಗೆಗಳಲ್ಲಿ ಮೊದಮೊದಲು ಸ್ಪರ್ಶ ಉಳಿದಿರುತ್ತದೆ. ಕಿವಿಯ ಹಾಲೆ ದಪ್ಪಗಾಗುವುದು, ಹುಬ್ಬು ಉದುರುವುದು, ಕೈಕಾಲು ಜೋಮು ಹಿಡಿಯುವುದು ಇವೂ ಎಚ್ಚರಿಕೆಯ ಗಂಟೆಗಳೇ.

ಚಿಕಿತ್ಸೆ ಕಷ್ಟದ್ದಲ್ಲ. ಡ್ಯಾಪ್ಸೋನ್ ಒಂದನ್ನೇ ನಂಬಿದ ಕಾಲದಲ್ಲಿ ರೋಗಾಣು ಅದಕ್ಕೆ ಮಣಿಯದಂತಾದುದರಿಂದ, 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರೊಡನೆ ರಿಫಾಂಪಿಸಿನ್ ಮತ್ತು ಕ್ಲೋಫಜಿಮಿನ್‌ಗಳನ್ನು ಸೇರಿಸಿ ಕೊಡುವ ಕ್ರಮವನ್ನು ಸೂಚಿಸಿತು. ರೋಗದ ಹರಹನ್ನು ಅನುಸರಿಸಿ 6 ಅಥವಾ 12 ತಿಂಗಳು ನುಂಗಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕಾಸಿಲ್ಲದೆ ದೊರೆಯುತ್ತದೆ. ಚಿಕಿತ್ಸೆ ಮೊದಲಾದ ಸ್ವಲ್ಪ ಕಾಲದಲ್ಲಿಯೇ ರೋಗಿಯಿಂದ ಇತರರಿಗೆ ಹರಡುವ ಭಯ ಕಳೆಯುತ್ತದೆ. ಮೂತ್ರ ಕೆಂಪಾಗುವುದು, ಮೈಬಣ್ಣ ಕಪ್ಪಾಗುವುದು ಔಷಧದ ಗುಣ, ದಿಗಿಲುಬೀಳಬಾರದು. ಮಚ್ಚೆ ಫಕ್ಕನೆ ಕೆಂಪೇರಿ ಊದಿಕೊಂಡರೆ, ನರ ನೋಯತೊಡಗಿದರೆ, ಔಷಧವನ್ನು ನಿಲ್ಲಿಸದೆ ಕೂಡಲೇ ವೈದ್ಯರ ಬಳಿಗೆ ಧಾವಿಸಬೇಕು. ರೋಗಾಣುವನ್ನು ಔಷಧ ಕೊಲ್ಲಬಲ್ಲದು. ಬಹುಕಾಲ ಕೆಟ್ಟ ನರವನ್ನು ಮರಳಿ ತರಲಾರದು. ತಡಮಾಡಿದುದಕ್ಕೆ ತೆರಬೇಕಾದ ದಂಡ ಅದೊಂದೇ, ಆದರೆ ಅದು ಜೀವಮಾನದ ದಂಡ.

ಕಾನೂನು ಕೂಡ ತನ್ನ ಹಳೆಯ ಭಯವನ್ನು ತಡವಾಗಿ ಬಿಟ್ಟಿತು. ಕುಷ್ಠರೋಗಿಗಳನ್ನು ಪ್ರತ್ಯೇಕಿಸಿಡಲು 1898ರಲ್ಲಿ ಮಾಡಿದ ಕಾಯಿದೆ ರದ್ದಾದದ್ದು 2016ರಲ್ಲಿ. ಕುಷ್ಠವನ್ನು ವಿವಾಹ ವಿಚ್ಛೇದನಕ್ಕೆ ಕಾರಣವಾಗಿ ಒಪ್ಪುತ್ತಿದ್ದ ವಿಧಿಗಳನ್ನು ತೆಗೆದದ್ದು 2019ರಲ್ಲಿ. ಮನೆಗಳ ಒಳಗಿನ ಅಲಿಖಿತ ಕಾಯಿದೆಗಳನ್ನು ರದ್ದು ಮಾಡಬೇಕಾದವರು ಮನೆಯವರೇ.

ಆ ಹುಡುಗಿಯ ಬಿಳುಪನ್ನು ಚರ್ಮವೈದ್ಯರು ನೋಡಲಿ. ಬೀಗರಾಗುವವರಿಗೆ ವಿಷಯವನ್ನು ನೇರವಾಗಿ ಹೇಳಲಿ. ತೊನ್ನೇ ಆಗಿದ್ದರೂ ಅವಳ ಆಯುಸ್ಸಿಗಾಗಲಿ ಬುದ್ಧಿಗಾಗಲಿ ಸಂಸಾರಕ್ಕಾಗಲಿ ಅದರಿಂದ ಕುಂದಿಲ್ಲ. ಅದಕ್ಕೂ ಮೊದಲು, ಆ ತಾಯಿ ಕೋಣೆಯ ಬಾಗಿಲು ತೆರೆದು ಹಜಾರಕ್ಕೆ ಬರಲಿ. ಹತ್ತಿಯ ಎಳೆಯೊಂದನ್ನು ಹಿಡಿದು, "ಪತ್ರಿಕೆ ಆಮೇಲೆ ಓದಿದರಾಯಿತು, ಸ್ವಲ್ಪ ಕಣ್ಣು ಮುಚ್ಚಿಕೊಳ್ಳಿ" ಎನ್ನಲಿ. ಆ ಮನೆಯಲ್ಲಿ ಒಂದು ಕೈ ಉಳಿಯಬೇಕಾದದ್ದು ಆ ಎಳೆಯಿಂದ.