ಅಗ್ಗದ ಕಾರು, ಬೀಗ ಹಾಕಿದ ರಿಪೇರಿ

ಗೋವಾದ ಕುಲೆಂನಿಂದ ನಮ್ಮ ಕ್ಯಾಸಲ್‌ರಾಕ್‌ಗೆ ಘಾಟಿ ಹತ್ತುವ ರೈಲಿಗೆ ಹೆಚ್ಚಿನ ಎಂಜಿನ್‌ಗಳನ್ನು ಕಟ್ಟುತ್ತಾರೆ. 37 ಅಡಿ ಹೋದರೆ ಒಂದು ಅಡಿ ಏರುವ ದಾರಿ ಅದು. ಹತ್ತುವ ಮೊದಲೇ ಖರ್ಚಿನ ಲೆಕ್ಕ ಹಾಕುವ ಬುದ್ಧಿ ರೈಲ್ವೆಯವರಿಗಿದೆ. ಯುರೋಪಿನ ಹಳೇ ಕಾರು ಕೊಳ್ಳುವ ನಮ್ಮ ಹುಡುಗರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡುತ್ತಿಲ್ಲ.

ಹತ್ತು ವರ್ಷ ಓಡಿದ ಬಿ.ಎಂ.ಡಬ್ಲ್ಯು, ಆಡಿ, ಮರ್ಸಿಡಿಸ್ ಇವತ್ತು ಹೊಸ ಮಾರುತಿಯ ಬೆಲೆಗೆ ಸಿಗುತ್ತದೆ. ಗಲ್ಫಿನ ಬಿಸಿಲಲ್ಲಿ ದುಡಿದು ಬಂದವನು ಉಳಿತಾಯವನ್ನೆಲ್ಲ ಸುರಿದು ಅದನ್ನು ತರುತ್ತಾನೆ. ಕೆಲವೇ ತಿಂಗಳಲ್ಲಿ ಅದು ತಗಡಿನ ಶೆಡ್ಡು ಸೇರುತ್ತದೆ. ಆಗ ಊರು ಎರಡು ತೀರ್ಪು ಕೊಡುತ್ತದೆ: ಹುಡುಗನದು ಬರೀ ಶೋಕಿ, ಮಿಸ್ತ್ರಿಗೆ ಕೆಲಸ ಬರುವುದಿಲ್ಲ. ಈ ಎರಡು ತೀರ್ಪುಗಳನ್ನೂ ನಾವು ಒಪ್ಪುವುದಿಲ್ಲ.

ಹಿಸಾಬು ಸರಳವಾಗಿದೆ. ಹೊಸದಿದ್ದಾಗ 50 ಲಕ್ಷದ ಕಾರು ಇವತ್ತು 10 ಲಕ್ಷಕ್ಕೆ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಇಳಿದದ್ದು ಕಾರಿನ ಬೆಲೆ ಮಾತ್ರ. ಅದರ ಬ್ರೇಕು, ಟರ್ಬೊ, ಗೇರ್‌ಬಾಕ್ಸು ಇವತ್ತಿಗೂ 50 ಲಕ್ಷದ ಕಾರಿನವೇ. ಬಿಡಿಭಾಗಕ್ಕೆ ಆಮದು ಸುಂಕ ಬೇರೆ. ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ ಕ್ಯಾಸಲ್‌ರಾಕ್ ಗಡಿಯ ಸುಂಕದ ಠಾಣೆಯಾಗಿತ್ತು. ಆ ಗಡಿ 1961ರಲ್ಲಿ ಅಳಿಸಿತು. ಆದರೆ ಸುಂಕ ಈಗಲೂ ಗ್ಯಾರೇಜಿನ ಬಿಲ್ಲಿನೊಳಗೆ ಅಡಗಿ ನಮ್ಮ ಮನೆಗೆ ಬರುತ್ತಿದೆ.

2007ರ ಹೊತ್ತಿಗೆ ಬಂದ ಬಿ.ಎಂ.ಡಬ್ಲ್ಯುವಿನ ಎನ್47 ಡೀಸೆಲ್ ಎಂಜಿನ್ನನ್ನೇ ನೋಡಿ. ಅದರ ಟೈಮಿಂಗ್ ಚೈನು ಇರುವುದು ಎಂಜಿನ್ನಿನ ಹಿಂಬದಿಯಲ್ಲಿ, ಗೇರ್‌ಬಾಕ್ಸಿನ ಕಡೆಗೆ. ಚೈನು ಸವೆದರೆ ಬಾನೆಟ್ ಎತ್ತಿ ಕೈ ಹಾಕಲಾಗದು, ಗೇರ್‌ಬಾಕ್ಸನ್ನೋ ಎಂಜಿನ್ನನ್ನೋ ಇಳಿಸಲೇಬೇಕು. ಅಲ್ಲಿಗೆ ಚೈನಿಗಿಂತ ಕೂಲಿಯೇ ಭಾರ. ಬ್ಯಾಟರಿ ಬದಲಿಸಿದರೂ ಆ ಸುದ್ದಿಯನ್ನು ಕಾರಿನ ಕಂಪ್ಯೂಟರಿಗೆ ತಿಳಿಸಬೇಕು. ತಿಳಿಸಲು ಬೇರೊಂದು ಯಂತ್ರ ಬೇಕು. ಸ್ಟೆಪ್ನಿ ಇಲ್ಲದ ರನ್‌ಫ್ಲಾಟ್ ಟೈರು ಗಾಳಿ ಹೋದ ಮೇಲೂ ಸಾಮಾನ್ಯವಾಗಿ 80 ಕಿ.ಮೀ. ಓಡುತ್ತದಂತೆ. ಕ್ಯಾಸಲ್‌ರಾಕ್‌ನಿಂದ ಹುಬ್ಬಳ್ಳಿ ನೂರು ಕಿ.ಮೀ. ದಾಟುತ್ತದೆ! ನಯವಾದ ಹೆದ್ದಾರಿಗೆಂದು ಮಾಡಿದ ತೆಳು ಟೈರು ನಮ್ಮ ಮಳೆಗಾಲದ ಹೊಂಡಗಳಲ್ಲಿ ಎಷ್ಟು ದಿನ ಬಾಳೀತು?

ವಿಮೆ ಇದೆಯಲ್ಲ ಎನ್ನಬೇಡಿ. ಸಾಮಾನ್ಯ ಪಾಲಿಸಿ ಸವಕಳಿಗೆ ದುಡ್ಡು ಕೊಡುವುದಿಲ್ಲ, ತಾನಾಗಿ ಕೆಟ್ಟ ಯಂತ್ರಕ್ಕೂ ಕೊಡುವುದಿಲ್ಲ. ನೀರು ನಿಂತ ರಸ್ತೆಯಲ್ಲಿ ಎಂಜಿನ್ ನೀರು ಕುಡಿದು ಸತ್ತರೆ, ಪ್ರತ್ಯೇಕ ರಕ್ಷಣೆ ಕೊಂಡಿರದವನು ಕೈಯಿಂದಲೇ ತೆರಬೇಕು.

ಇಷ್ಟೇ ಆಗಿದ್ದರೆ ಕೊಂಡವನ ಕರ್ಮ ಎಂದು ಸುಮ್ಮನಿರಬಹುದಿತ್ತು. ಆದರೆ ದುಬಾರಿಯ ಮೇಲೆ ಬೀಗವನ್ನೂ ಹಾಕಿದ್ದಾರೆ. ಯುರೋಪ್ ಒಕ್ಕೂಟ 2007ರಲ್ಲೇ ನಿಯಮ ಮಾಡಿತು: ಕಂಪನಿಗಳು ರಿಪೇರಿಯ ಮಾಹಿತಿಯನ್ನು ಹೊರಗಿನ ಮೆಕ್ಯಾನಿಕ್‌ಗಳಿಗೂ ಕೊಡಬೇಕು. ನಮ್ಮಲ್ಲಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿ.ಎಂ.ಡಬ್ಲ್ಯು, ಮರ್ಸಿಡಿಸ್, ಫೋಕ್ಸ್‌ವ್ಯಾಗನ್, ಸ್ಕೋಡಾ ಆ ಪಟ್ಟಿಯಲ್ಲಿದ್ದವು. ಬಿಡಿಭಾಗಗಳೂ ದೋಷ ಪತ್ತೆ ಮಾಡುವ ಸಾಧನಗಳೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು ಅವುಗಳ ಮೇಲಿನ ಆರೋಪ. ಬಳಿಕ ಪ್ರಕರಣ ಮೇಲ್ಮನವಿಗಳ ದಾರಿ ಹಿಡಿಯಿತು. 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿಗೆಂದು ಜಾಲತಾಣವೊಂದನ್ನು ತೆರೆಯಿತು. ಜಾಲತಾಣ ಕಾನೂನಾಗುವುದಿಲ್ಲ.

ಹಾಗಾದರೆ ಒಂದೇ ಕಾರಿಗೆ ಎರಡು ನ್ಯಾಯವೇ? ಜರ್ಮನಿಯ ಬೀದಿ ಬದಿಯ ಮೆಕ್ಯಾನಿಕ್‌ಗೆ ಸಿಗುವ ಪುಸ್ತಕ ಹಳಿಯಾಳದ ಉಸ್ತಾದನಿಗೆ ಏಕೆ ಸಿಗಬಾರದು? ತರಬೇತಿಯಿಲ್ಲದ ಕೈಗೆ ಇಂಥ ಯಂತ್ರ ಕೊಟ್ಟರೆ ಅಪಾಯ ಎನ್ನುತ್ತಾರೆ. ಮಾತು ಸರಿ. ಹಾಗಿದ್ದರೆ ತರಬೇತಿ ಕೊಡಿ, ಅದರ ಶುಲ್ಕ ತೆಗೆದುಕೊಳ್ಳಿ, ಸಾಧನ ಮಾರಿ. ಬಾಗಿಲು ಮುಚ್ಚಿಟ್ಟು ಒಳಗೆ ಬರಲು ನಿಮಗೆ ಯೋಗ್ಯತೆಯಿಲ್ಲ ಎನ್ನುವುದು ಯಾವ ನ್ಯಾಯ? ಲಾರಿ, ಜೀಪು, ಟ್ರ್ಯಾಕ್ಟರುಗಳ ಗೇರ್‌ಬಾಕ್ಸನ್ನು ಸದ್ದು ಕೇಳಿಯೇ ತಿಳಿಯುವ ಕೈಗಳಿವು. ಶಾಲೆ ಬಿಟ್ಟ ಎಷ್ಟೋ ಹುಡುಗರ ಮನೆಯ ಒಲೆ ಈ ಕಸುಬಿನಿಂದ ಉರಿಯುತ್ತಿದೆ. ಕಾರುಗಳೆಲ್ಲ ಕಂಪ್ಯೂಟರಾಗುತ್ತಿರುವ ಕಾಲದಲ್ಲಿ ಇವತ್ತು ಯುರೋಪಿನ ಕಾರಿಗೆ ಬಿದ್ದ ಬೀಗ ನಾಳೆ ಬಡವನ ಕಾರಿಗೂ ಬೀಳುತ್ತದೆ.

ಮಾರುವ ದಲಾಲಿಗಳಿಗೂ ಒಂದು ಮಾತು. ಮೀಟರಿನ ಕಿಲೋಮೀಟರು ತೋರಿಸುವ ನೀವು ಸರ್ವಿಸ್ ದಾಖಲೆಯನ್ನು ಏಕೆ ತೋರಿಸುವುದಿಲ್ಲ? ದೋಷ ಮುಚ್ಚಿಟ್ಟು ಮಾರಿದ್ದು ವ್ಯಾಪಾರವಾಗುವುದಿಲ್ಲ, ಮೋಸವಾಗುತ್ತದೆ.

ಹಿರಿಯರ ಪಾಲೂ ಇದರಲ್ಲಿದೆ. ಅಂಗಳದಲ್ಲಿ ನಿಂತ ಕಾರಿನ ಲಾಂಛನ ನೋಡಿ ಹುಡುಗನ ಇಜ್ಜತ್ತು ಅಳೆಯುವವರು ನಾವೇ. ಮಾರುತಿಯಲ್ಲಿ ಬಂದರೆ ಒಂದು ಕುರ್ಚಿ, ಮರ್ಸಿಡಿಸ್ಸಿನಲ್ಲಿ ಬಂದರೆ ಇನ್ನೊಂದು ಕುರ್ಚಿ ಹಾಕುವ ಮನೆಗಳಿರುವಾಗ ಹುಡುಗನೊಬ್ಬನನ್ನೇ ಶೋಕಿಯವನು ಎಂದು ಬೈದರೆ ಹೇಗೆ?

ಕೊಳ್ಳುವವರೇ, ಕೊಳ್ಳುವ ಮುನ್ನ ಕಂಪ್ಯೂಟರ್ ತಪಾಸಣೆ ಮಾಡಿಸಿ. ದಾಖಲೆ ಕೊಡದವನ ಕಾರು ಮುಟ್ಟಬೇಡಿ. ರಿಪೇರಿಗೆಂದು ಬೇರೆ ಗಂಟು ಇಲ್ಲದಿದ್ದರೆ ಆ ಆಸೆಯನ್ನೇ ಬಿಡಿ. ಸರ್ಕಾರವನ್ನು ನಾವು ಕೇಳುವುದು ಇಷ್ಟೇ: ಬಿಡಿಭಾಗದ ಬೆಲೆ ಬಹಿರಂಗವಾಗಲಿ, ರಿಪೇರಿಯ ಪುಸ್ತಕ ಮತ್ತು ಸಾಧನ ದುಡ್ಡು ಕೊಟ್ಟ ಯಾವ ಮಿಸ್ತ್ರಿಗಾದರೂ ಸಿಗಲಿ, ಅದನ್ನು ಕಾನೂನು ಹೇಳಲಿ. ದುಡ್ಡು ಕೊಟ್ಟು ಕೊಂಡ ವಸ್ತುವನ್ನು ನಮ್ಮೂರಲ್ಲೇ, ನಮ್ಮವರ ಕೈಯಲ್ಲೇ ಸರಿ ಮಾಡಿಸಿಕೊಳ್ಳಲಾಗದಿದ್ದರೆ ನಾವು ಅದರ ಮಾಲೀಕರು ಹೇಗಾದೇವು?